ಗೆಲುವಿಗೆ ಸಾಕ್ಷಿ: ಜನಪದ ಸ್ಪರ್ಧೆಗಳಲ್ಲಿ ದಾಖಲೆ ಮತ್ತು ಪರಿಶೀಲನೆ

ಜನಪದ ಕ್ರೀಡೆಗಳ ಅಧ್ಯಯನವು ಕನ್ನಡದಲ್ಲಿ ಬಹುಮಟ್ಟಿಗೆ ಆಟದ ವಿಧಾನ, ಆಚರಣೆಯ ಹಿನ್ನೆಲೆ, ಭಾಗವಹಿಸುವ ಸಮುದಾಯಗಳ ಪಾತ್ರ ಇವುಗಳ ಸುತ್ತ ನಡೆದಿದೆ. ಗೆದ್ದವರು ಯಾರು ಎಂಬುದನ್ನು ಆ ಸಮುದಾಯಗಳು ಹೇಗೆ ತೀರ್ಮಾನಿಸುತ್ತಿದ್ದವು, ಗೆಲುವಿನ ಹೇಳಿಕೆಯನ್ನು ಯಾವ ಆಧಾರದ ಮೇಲೆ ನಂಬುತ್ತಿದ್ದವು ಎಂಬ ಪ್ರಶ್ನೆಗೆ ದೊರೆತ ಗಮನ ಕಡಿಮೆ. ಸ್ಪರ್ಧೆಯು ಊರ ಎಲ್ಲೆಯೊಳಗೆ ಇರುವಷ್ಟು ಕಾಲ ಈ ಪ್ರಶ್ನೆ ಅಷ್ಟಾಗಿ ಏಳುವುದಿಲ್ಲ, ನೋಡಿದವರೇ ಸಾಕ್ಷಿಗಳಾಗಿರುತ್ತಾರೆ. ಆದರೆ ಊರಿನ ಗೆಲುವು ಊರನ್ನು ದಾಟಿ ಪತ್ರಿಕೆಗೆ, ದೂರದರ್ಶನಕ್ಕೆ, ಜಗತ್ತಿನ ದಾಖಲೆಗಳ ಪಟ್ಟಿಯ ಪಕ್ಕಕ್ಕೆ ಹೋಗಿ ನಿಂತಾಗ, ಸಾಕ್ಷ್ಯದ ಸ್ವರೂಪವನ್ನು ಕುರಿತು ವಿಚಾರ ಮಾಡುವುದು ಅನಿವಾರ್ಯವಾಗುತ್ತದೆ.

2020ರ ಫೆಬ್ರವರಿಯಲ್ಲಿ ಕರಾವಳಿಯ ಕಂಬಳಕ್ಕೆ ಸಂಬಂಧಿಸಿದಂತೆ ಇಂಥದೇ ಸಂದರ್ಭವೊಂದು ಒದಗಿಬಂತು. ಐಕಳದ ಕಂಬಳದಲ್ಲಿ ಮೂಡುಬಿದಿರೆ ಸಮೀಪದ ಅಶ್ವತ್ಥಪುರದ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.50 ಮೀಟರ್ ದೂರವನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಅದನ್ನು 100 ಮೀಟರಿಗೆ ಇಳಿಸಿ 9.55 ಸೆಕೆಂಡ್ ಎಂದು ಲೆಕ್ಕ ಹಾಕಲಾಯಿತು. ಜಮೈಕಾದ ಉಸೇನ್ ಬೋಲ್ಟ್ 2009ರ ಆಗಸ್ಟ್ 16ರಂದು ಬರ್ಲಿನ್ನಿನಲ್ಲಿ ಸ್ಥಾಪಿಸಿದ ವಿಶ್ವದಾಖಲೆ 9.58 ಸೆಕೆಂಡ್. ಕೆಸರುಗದ್ದೆಯ ಓಟಗಾರ ಬೋಲ್ಟನನ್ನು ಮೀರಿಸಿದನೆಂಬ ಸುದ್ದಿ ಕೆಲವೇ ದಿನಗಳಲ್ಲಿ ದೇಶವಿದೇಶಗಳಲ್ಲಿ ಹರಡಿತು. ಈ ಪ್ರಕರಣವನ್ನು ಕೇಂದ್ರವಾಗಿಟ್ಟುಕೊಂಡು, ಕರ್ನಾಟಕದ ಜನಪದ ಸ್ಪರ್ಧೆಗಳಲ್ಲಿ ಗೆಲುವನ್ನು ಸ್ಥಿರಪಡಿಸುವ ಕ್ರಮಗಳನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಕಣ್ಣೆದುರಿನ ಸಾಕ್ಷ್ಯ

ಜನಪದ ಸ್ಪರ್ಧೆಗಳಲ್ಲಿ ಪುರಾವೆಯ ಕಲ್ಪನೆ ಇರಲಿಲ್ಲವೆಂದು ಭಾವಿಸುವುದು ತಪ್ಪಾಗುತ್ತದೆ. ಅನೇಕ ಆಟಗಳಲ್ಲಿ ಪುರಾವೆಯು ಆಟದ ರಚನೆಯಲ್ಲಿಯೇ ಅಡಕವಾಗಿರುತ್ತದೆ. ಉತ್ತರ ಕನ್ನಡದ ಶಿರಸಿ ತಾಲ್ಲೂಕಿನಲ್ಲಿ ಮತ್ತಿಘಟ್ಟದ ಕಡೆಯ ಕಾಡು-ತೋಟಗಳ ಸೀಮೆ ಒಂದು ಬಗೆಯಾದರೆ, ಬನವಾಸಿಯ ಕಡೆಯ ಗದ್ದೆಬಯಲಿನ ಸೀಮೆ ಇನ್ನೊಂದು ಬಗೆ. ಬನವಾಸಿಯ ಈ ಭಾಗದಲ್ಲಿಯೂ ಅದಕ್ಕೆ ಹೊಂದಿಕೊಂಡ ಸೊರಬ, ಶಿಕಾರಿಪುರ, ಹಾನಗಲ್ಲು, ಹಾವೇರಿ ಪ್ರದೇಶಗಳಲ್ಲಿಯೂ ದೀಪಾವಳಿಯ ಬಳಿಕ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಅಲಂಕರಿಸಿದ ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರವನ್ನು ಕಟ್ಟಿ ಜನರ ನಡುವೆ ಓಡಿಸಲಾಗುತ್ತದೆ. ಹೋರಿಯನ್ನು ತಡೆದು ಕೊಬ್ಬರಿ ಕಿತ್ತವನದು ಒಂದು ಗೆಲುವು. ಯಾರ ಕೈಗೂ ಸಿಗದೆ ಸರವನ್ನು ಉಳಿಸಿಕೊಂಡು ಓಡಿದ ಹೋರಿಯದು ಇನ್ನೊಂದು ಗೆಲುವು. ಎರಡು ಕಡೆಯಲ್ಲೂ ಕೊಬ್ಬರಿಯೇ ಸಾಕ್ಷಿ. ಅದು ಕೈಯಲ್ಲಿದೆ ಅಥವಾ ಕೊರಳಲ್ಲಿದೆ. ಮೂರನೆಯ ಸಾಧ್ಯತೆಗೆ ಅಲ್ಲಿ ಅವಕಾಶ ಕಡಿಮೆ.

ಕೊಡಗಿನ ಗುರಿ ಸ್ಪರ್ಧೆಯಲ್ಲಿಯೂ ಇದೇ ತತ್ವವನ್ನು ಗುರುತಿಸಬಹುದು. ಗದ್ದೆಯ ನಾಟಿಕಾರ್ಯ ಮುಗಿದ ಮೇಲೆ, ಸಾಮಾನ್ಯವಾಗಿ ಸೆಪ್ಟೆಂಬರ್ 3ರಂದು ಆಚರಿಸುವ ಕೈಲ್ ಮುಹೂರ್ತದಲ್ಲಿ ಕೋವಿ ಮತ್ತಿತರ ಆಯುಧಗಳಿಗೆ ಪೂಜೆ ಸಲ್ಲುತ್ತದೆ. ಅನಂತರ ಎತ್ತರದ ಮರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಏರ್ಪಡುತ್ತದೆ. ಸ್ಪರ್ಧಿಗಳು ಸರದಿಯಂತೆ ಗುರಿಯಿಡುತ್ತಾರೆ. ಕಾಯಿ ಒಡೆದರೆ ನೀರು ಚೆಲ್ಲುತ್ತದೆ, ಚಿಪ್ಪು ಸಿಡಿಯುತ್ತದೆ. ಗುರಿ ತಾಗಿತೋ ಇಲ್ಲವೋ ಎಂದು ಕೇಳುವ ಪ್ರಮೇಯ ಅಲ್ಲಿ ಬರುವುದು ಅಪರೂಪ. ಒಡೆದ ಕಾಯಿ ತೀರ್ಪನ್ನೂ ನೀಡುತ್ತದೆ, ಪುರಾವೆಯಾಗಿಯೂ ಉಳಿಯುತ್ತದೆ.

ಕಂಬಳದ ಕೆಲವು ವಿಭಾಗಗಳು ಇದೇ ಮಾದರಿಯವು. ಕಂಬಳದಲ್ಲಿ ಹಗ್ಗ, ನೇಗಿಲು, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳುಂಟು. ಕನೆ ಹಲಗೆಯಲ್ಲಿ ಕೋಣಗಳ ಹಿಂದೆ ಎಳೆಯಲ್ಪಡುವ ರಂಧ್ರವುಳ್ಳ ಮರದ ಹಲಗೆಯ ಮೇಲೆ ಓಟಗಾರ ಕಾಲೂರಿ ನಿಂತಿರುತ್ತಾನೆ. ರಂಧ್ರದ ಮೂಲಕ ನೀರು ಮೇಲಕ್ಕೆ ಚಿಮ್ಮುತ್ತದೆ. ಕರೆಗೆ ಅಡ್ಡಲಾಗಿ ಎತ್ತರದಲ್ಲಿ ಕಟ್ಟಿದ ಬಟ್ಟೆಗೆ ನಿಶಾನೆ ಎಂದು ಹೆಸರು. ಆರೂವರೆ ಕೋಲು, ಏಳೂವರೆ ಕೋಲು ಎಂದು ನಿಶಾನೆಯ ಎತ್ತರವನ್ನು ಹೇಳುವುದು ರೂಢಿ. ಚಿಮ್ಮಿದ ನೀರು ಬಟ್ಟೆಯನ್ನು ಮುಟ್ಟಿದರೆ ಗೆಲುವು. ಒದ್ದೆಯಾದ ಬಟ್ಟೆಯನ್ನು ಗದ್ದೆಯ ಸುತ್ತ ನಿಂತವರೆಲ್ಲರೂ ನೋಡಬಲ್ಲರು.

ಕೈಯಲ್ಲಿನ ಕೊಬ್ಬರಿ, ಒಡೆದ ತೆಂಗಿನಕಾಯಿ, ಒದ್ದೆ ನಿಶಾನೆ ಈ ಮೂರಕ್ಕೂ ಒಂದು ಸಮಾನ ಲಕ್ಷಣವಿದೆ. ಗೆಲುವಿನ ಗುರುತು ವಸ್ತುವಿನ ಮೇಲೆ ಮೂಡುತ್ತದೆ ಮತ್ತು ಅದನ್ನು ನೋಡಲು ವಿಶೇಷ ಪರಿಣತಿ ಬೇಕಿಲ್ಲ. ಆದರೆ ಇದೇ ಇದರ ಮಿತಿಯೂ ಹೌದು. ಈ ಗುರುತು ಆ ದಿನದ, ಆ ಸ್ಥಳದ ಗೆಲುವನ್ನು ಮಾತ್ರ ಹೇಳಬಲ್ಲದು. ಇಂದಿನ ಒದ್ದೆ ಬಟ್ಟೆಯನ್ನು ಹಿಂದಿನ ವರ್ಷದ ಒದ್ದೆ ಬಟ್ಟೆಯೊಂದಿಗೆ ಹೋಲಿಸಿ ಯಾವುದು ಮಿಗಿಲೆಂದು ನಿರ್ಧರಿಸಲು ಬರುವುದಿಲ್ಲ.

ಕಲ್ಲಿನ ಸಾಕ್ಷ್ಯ

ನೋಡಿದವರು ಇಲ್ಲವಾದ ಮೇಲೂ ಗೆಲುವು ಉಳಿಯಬೇಕೆಂಬ ಅಪೇಕ್ಷೆ ಕರ್ನಾಟಕದಲ್ಲಿ ವೀರಗಲ್ಲುಗಳ ರೂಪವನ್ನು ತಾಳಿತು. ಪ್ರಾಣಿಯ ಸ್ಪರ್ಧೆಗೆ ಸಂಬಂಧಿಸಿದಂತೆ ಇವುಗಳಲ್ಲಿ ಗಮನಾರ್ಹವಾದುದು ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನ ಆತಕೂರಿನ ಶಾಸನ. ಇದರ ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನ ಆಳ್ವಿಕೆಯಲ್ಲಿ, ಚೋಳರೊಂದಿಗೆ ನಡೆದ ತಕ್ಕೋಲದ ಯುದ್ಧದ ಹಿನ್ನೆಲೆಯಲ್ಲಿ ಹುಟ್ಟಿದ ಶಾಸನವಿದು. ಗಂಗ ಬೂತುಗನು ತನ್ನ ಸೇವಕನಾದ ಮಣಲೇರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ ಮಣಲೇರನು ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದನು. ಮುಂದೆ ಆ ನಾಯಿ ದೊಡ್ಡ ಕಾಡುಹಂದಿಯೊಂದರೊಡನೆ ಹೋರಾಡಿತು, ಎರಡೂ ಸತ್ತವು. ಅದರ ನೆನಪಿಗೆ ಆತಕೂರಿನ ಚಲ್ಲೇಶ್ವರ ಗುಡಿಯ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ದತ್ತಿ ಬಿಡಲಾಯಿತು. ನಾಯಿ ಮತ್ತು ಹಂದಿಯ ಹೋರಾಟದ ಶಿಲ್ಪವನ್ನು ಹೊತ್ತ ಈ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು ಸೇರಿದೆ.

ಈ ಶಾಸನವನ್ನು ದಾಖಲೆಯ ದೃಷ್ಟಿಯಿಂದ ನೋಡಿದಾಗ ಕೆಲವು ಅಂಶಗಳು ಸ್ಪಷ್ಟವಾಗುತ್ತವೆ. ಇಲ್ಲಿ ಕಾಲವಿದೆ. ಒಡೆಯನ ಹೆಸರಿದೆ, ಕೊಟ್ಟವನ ಹೆಸರಿದೆ. ಹೋರಾಡಿದ ಪ್ರಾಣಿಗೂ ಅದರದೇ ಹೆಸರಿದೆ. ಎದುರಾಳಿ ಯಾವುದೆಂದು ಹೇಳಿದೆ, ಫಲಿತಾಂಶವನ್ನೂ ಇದ್ದಂತೆಯೇ ಹೇಳಿದೆ. ಕಾಳಿ ಗೆದ್ದು ಬದುಕಿತೆಂದು ಶಾಸನವು ಉಬ್ಬಿಸುವುದಿಲ್ಲ. ಭೂದಾನವು ಈ ಹೇಳಿಕೆಯನ್ನು ಊರಿನ ಆಡಳಿತಕ್ಕೆ ಕಟ್ಟಿಹಾಕುತ್ತದೆ. ವೀರಗಲ್ಲುಗಳ ಭಾಷೆಯಲ್ಲಿ ಉತ್ಪ್ರೇಕ್ಷೆ ಇಲ್ಲವೆಂದಲ್ಲ. ಬಿರುದುಗಳ ಸಾಲುಗಳಲ್ಲಿ ಅದು ಧಾರಾಳವಾಗಿದೆ. ಆದರೆ ಹೊಗಳಿಕೆಯ ಭಾಗ ಯಾವುದು, ಘಟನೆಯ ಭಾಗ ಯಾವುದು ಎಂಬುದನ್ನು ಓದುಗನು ಬೇರ್ಪಡಿಸಿಕೊಳ್ಳಬಹುದಾದ ರೀತಿಯಲ್ಲಿ ಅವು ರಚಿತವಾಗಿವೆ ಎನ್ನಬಹುದು.

ಅಂಕಿಯ ಸಾಕ್ಷ್ಯ

ಆಧುನಿಕ ಕ್ರೀಡೆಯು ಒಡೆದ ಕಾಯಿಯನ್ನೂ ಕಲ್ಲನ್ನೂ ಬಿಟ್ಟು ಅಂಕಿಯನ್ನು ಆಶ್ರಯಿಸಿತು. ಕೊಡಗಿನ ಗುರಿ ಸ್ಪರ್ಧೆಗೆ ದೂರದ ಬಂಧುವೆನ್ನಬಹುದಾದ ಪ್ರಾಕ್ಟಿಕಲ್ ಶೂಟಿಂಗ್ ಎಂಬ ಪಿಸ್ತೂಲು ಸ್ಪರ್ಧೆಯನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದು ಒಲಿಂಪಿಕ್ಸಿನ ಪಿಸ್ತೂಲು ಸ್ಪರ್ಧೆಗಿಂತ ಭಿನ್ನ. ಸ್ಪರ್ಧಿ ಒಂದೆಡೆ ನಿಲ್ಲದೆ ಚಲಿಸುತ್ತ, ಬೇರೆ ಬೇರೆ ದೂರದಲ್ಲಿ ಇರಿಸಿದ ಹಲವು ಗುರಿಗಳಿಗೆ ಹೊಡೆಯಬೇಕು. ಇದರ ಮೊದಲ ವಿಶ್ವ ಸ್ಪರ್ಧೆ 1975ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ನಡೆದು ಅಮೆರಿಕದ ರೇ ಚಾಪ್‌ಮನ್ ಗೆದ್ದರು. ಮರುವರ್ಷ, 1976ರಲ್ಲಿ, ಅಮೆರಿಕದ ಕೊಲಂಬಿಯಾ ನಗರದಲ್ಲಿ ಅಂತಾರಾಷ್ಟ್ರೀಯ ಒಕ್ಕೂಟವು ಸ್ಥಾಪನೆಗೊಂಡಿತು.

ಈ ಸ್ಪರ್ಧೆಯಲ್ಲಿ ಗುರಿ ತಾಗಿದ್ದಕ್ಕೆ ದೊರೆತ ಅಂಕಗಳನ್ನು ತೆಗೆದುಕೊಂಡ ಸೆಕೆಂಡುಗಳಿಂದ ಭಾಗಿಸಲಾಗುತ್ತದೆ. ನಿಖರತೆ ಮತ್ತು ವೇಗ ಎರಡಕ್ಕೂ ಬೆಲೆ ಸಿಗಬೇಕೆಂಬುದು ಉದ್ದೇಶ. ಆ ಸುತ್ತಿನಲ್ಲಿ ಅತಿ ಹೆಚ್ಚಿನ ಭಾಗಲಬ್ಧ ಪಡೆದವನಿಗೆ ಪೂರ್ಣ ಅಂಕ; ಉಳಿದವರಿಗೆ ಅವನ ಫಲಿತಾಂಶಕ್ಕೆ ಅನುಗುಣವಾಗಿ ಅಂಕ. ಆದಕಾರಣ ಒಂದು ಮೈದಾನದಲ್ಲಿ ಬಂದ ಅಂಕಿಯನ್ನು ಇನ್ನೊಂದು ಮೈದಾನದ ಅಂಕಿಯೊಂದಿಗೆ ನೇರವಾಗಿ ಹೋಲಿಸಲು ಬರುವುದಿಲ್ಲ. ಗುರಿಗಳ ಜೋಡಣೆಯೇ ಬೇರೆ, ಎದುರಾಳಿಗಳೇ ಬೇರೆ. ಪಿಸ್ತೂಲಿನ ಬಗೆಯನ್ನು ಅನುಸರಿಸಿ ವಿಭಾಗಗಳಿವೆ. ಗುಂಡಿನ ತೂಕ ಮತ್ತು ವೇಗವನ್ನು ಯಂತ್ರದಿಂದ ಅಳೆದು ಅದು ಘೋಷಿತ ವರ್ಗಕ್ಕೆ ಸೇರಿದ್ದೇ ಎಂದು ಪರೀಕ್ಷಿಸಲಾಗುತ್ತದೆ. ಸ್ಪರ್ಧೆಗಳಿಗೆ ಒಂದರಿಂದ ಐದರವರೆಗಿನ ಹಂತಗಳಿವೆ. ಕ್ಲಬ್ಬಿನ ಸ್ಪರ್ಧೆ ಮೊದಲ ಹಂತದ್ದಾದರೆ ವಿಶ್ವ ಸ್ಪರ್ಧೆ ಐದನೆಯದು. ಸ್ಪರ್ಧಿಯು ತನ್ನ ಅಂಕಪಟ್ಟಿಗೆ ಸಹಿ ಹಾಕುತ್ತಾನೆ.

ಇಂಥ ವ್ಯವಸ್ಥೆಯಲ್ಲಿ ಚಾಂಪಿಯನ್ ಎಂಬ ಒಂಟಿ ಪದಕ್ಕೆ ಅರ್ಥವಿರುವುದಿಲ್ಲ. ಯಾವ ವರ್ಷ, ಯಾವ ಹಂತ, ಯಾವ ವಿಭಾಗ, ಎಷ್ಟು ಜನರ ನಡುವೆ ಎಂದು ಕೇಳಬೇಕಾಗುತ್ತದೆ. ಒಬ್ಬನು ತಾನು ಚಾಂಪಿಯನ್ ಎಂದು ಹೇಳಿಕೊಂಡರೆ ಆತನ ಗುರಿಗಾರಿಕೆಯನ್ನು ಮತ್ತೊಮ್ಮೆ ಪರೀಕ್ಷಿಸಬೇಕಾದ ಅಗತ್ಯವಿಲ್ಲ. ಆ ದಿನದ ಫಲಿತಾಂಶ ಪಟ್ಟಿಯನ್ನು ತೆಗೆದು ನೋಡಿದರೆ ಸಾಕು. ಪರಿಶೀಲನೆ ಎಂಬುದು ವ್ಯಕ್ತಿಯ ಪರೀಕ್ಷೆಯಲ್ಲ, ಹೇಳಿಕೆಯ ಪರೀಕ್ಷೆ ಎಂಬ ಈ ಭೇದವು ಕಂಬಳದ ಪ್ರಕರಣವನ್ನು ಅರ್ಥಮಾಡಿಕೊಳ್ಳಲು ಸಹಾಯಕವಾಗುತ್ತದೆ.

ಐಕಳದ ಓಟ ಮತ್ತು ಭಾಗಾಕಾರ

ಕಂಬಳದ ಹಗ್ಗ, ನೇಗಿಲು ವಿಭಾಗಗಳಲ್ಲಿ ಗೆಲುವು ಮೂಲತಃ ಸಾಪೇಕ್ಷವಾದುದು. ಜೋಡುಕರೆಯಲ್ಲಿ ಎರಡು ಜೊತೆ ಕೋಣಗಳು ಗಂತಿನಿಂದ ಹೊರಟು ಮಂಜೊಟ್ಟಿಯ ಕಡೆಗೆ ಓಡುತ್ತವೆ. ಮೊದಲು ತಲುಪಿದ ಜೊತೆ ಮುಂದಿನ ಸುತ್ತಿಗೆ ಹೋಗುತ್ತದೆ. ಎರಡು ಜೊತೆಗಳು ಬಹುತೇಕ ಒಟ್ಟಿಗೆ ತಲುಪಿದಾಗ ಹುಟ್ಟುತ್ತಿದ್ದ ವಿವಾದವನ್ನು ತಪ್ಪಿಸಲು ಲೇಸರ್ ಕಿರಣದ ಉಪಕರಣವೂ ಚಿತ್ರೀಕರಣವೂ ಬಳಕೆಗೆ ಬಂದವು. ಸೆಕೆಂಡಿನ ನೂರನೆಯ ಒಂದು ಭಾಗದವರೆಗಿನ ಕಾಲಗಣನೆ ಕಂಬಳವನ್ನು ಪ್ರವೇಶಿಸಿದ್ದು ಈ ಕಾರಣದಿಂದ. ಇಬ್ಬರು ಯಜಮಾನರ ನಡುವಿನ ತಕರಾರನ್ನು ಬಗೆಹರಿಸಲು ಬಂದ ಅಂಕಿಯೇ ಮುಂದೆ ದಾಖಲೆಯೆಂಬ ಹೊಸ ಅರ್ಥವನ್ನು ಪಡೆಯಿತು.

ಐಕಳದಲ್ಲಿ ಅಳೆದದ್ದು 142.50 ಮೀಟರಿಗೆ 13.62 ಸೆಕೆಂಡ್. 9.55 ಎಂಬುದು ಅಳೆದ ಅಂಕಿಯಲ್ಲ, ಭಾಗಾಕಾರದಿಂದ ಬಂದ ಅಂಕಿ. ಭಾಗಾಕಾರದ ನಿಜವಾದ ಫಲ 9.5579. ಅಥ್ಲೆಟಿಕ್ಸಿನ ನಿಯಮದಂತೆ ಫೋಟೋ ಫಿನಿಷ್‌ನ ಕಾಲವನ್ನು ಯಾವಾಗಲೂ ಮುಂದಿನ ನೂರನೆಯ ಭಾಗಕ್ಕೆ ಏರಿಸಬೇಕು. ಆ ಲೆಕ್ಕದಲ್ಲಿ ಇದು 9.56 ಆಗಬೇಕಿತ್ತು. ಅದೇ ತಿಂಗಳ 16ರಂದು ವೇಣೂರಿನ ಕಂಬಳದಲ್ಲಿ ಬಜಗೋಳಿ ಜೋಗಿಬೆಟ್ಟಿನ ನಿಶಾಂತ್ ಶೆಟ್ಟಿ ಅವರು 143 ಮೀಟರನ್ನು 13.61 ಸೆಕೆಂಡಿನಲ್ಲಿ ಓಡಿದಾಗ 9.51 ಎಂದು ಪ್ರಕಟವಾಯಿತು. ಅಲ್ಲಿಯೂ ಭಾಗಾಕಾರದ ಫಲ 9.5175, ನಿಯಮದಂತೆ 9.52. ಈ ಅಲ್ಪ ವ್ಯತ್ಯಾಸ ಓಟದ ಶ್ರೇಷ್ಠತೆಯನ್ನು ಕುಂದಿಸುವುದಿಲ್ಲ. ಆದರೆ ಹೋಲಿಕೆಯು ನಡೆದದ್ದು ಸೆಕೆಂಡಿನ ನೂರನೆಯ ಮೂರು ಭಾಗಗಳ ಅಂತರದ ಮೇಲೆ ಎಂಬುದನ್ನು ನೆನೆದರೆ, ಆ ಹೋಲಿಕೆಯ ಬುನಾದಿ ಎಷ್ಟು ತೆಳುವಾದುದೆಂಬುದು ತಿಳಿಯುತ್ತದೆ.

ಇದಕ್ಕಿಂತ ಮುಖ್ಯವಾದ ಆಕ್ಷೇಪ ಭಾಗಾಕಾರದ ಕ್ರಮಕ್ಕೇ ಸಂಬಂಧಿಸಿದ್ದು. ನಿಂತಲ್ಲಿಂದ ಹೊರಟ ಓಟದಲ್ಲಿ ಆರಂಭದ ಭಾಗ ನಿಧಾನ. ಓಟ 100 ಮೀಟರಿಗಿಂತ ಸ್ವಲ್ಪ ಉದ್ದವಾಗಿದ್ದರೆ ವೇಗದ ಭಾಗದ ಪ್ರಮಾಣ ಹೆಚ್ಚಿ ಸರಾಸರಿ ಉತ್ತಮಗೊಳ್ಳುತ್ತದೆ. ಇದನ್ನು ಬೋಲ್ಟನ ಓಟದಿಂದಲೇ ತೋರಿಸಬಹುದು. 2009ರ ಮೇ 17ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರಿನಲ್ಲಿ ಬೀದಿಯ ಮೇಲೆ ಹಾಸಿದ ನೇರ ಪಥದಲ್ಲಿ ಆತ 150 ಮೀಟರನ್ನು 14.35 ಸೆಕೆಂಡಿನಲ್ಲಿ ಓಡಿದನು. ಕಂಬಳಕ್ಕೆ ಅನ್ವಯಿಸಿದ ಭಾಗಾಕಾರವನ್ನೇ ಇದಕ್ಕೂ ಅನ್ವಯಿಸಿದರೆ 100 ಮೀಟರಿಗೆ 9.57 ಸೆಕೆಂಡ್ ಬರುತ್ತದೆ. ಆ ದಿನ 100 ಮೀಟರಿನ ವಿಶ್ವದಾಖಲೆ 9.69 ಇತ್ತು, ಬರ್ಲಿನ್ನಿನ 9.58 ಇನ್ನೂ ಮೂರು ತಿಂಗಳು ದೂರವಿತ್ತು. ಹಾಗಿದ್ದರೂ ಮ್ಯಾಂಚೆಸ್ಟರಿನ ಓಟವನ್ನು 100 ಮೀಟರಿನ ದಾಖಲೆಯೆಂದು ಅಥ್ಲೆಟಿಕ್ಸ್ ಪರಿಗಣಿಸಲಿಲ್ಲ. ಬೋಲ್ಟನಿಗೆ ಸಲ್ಲದ ಲೆಕ್ಕವನ್ನು ಬೋಲ್ಟನ ವಿರುದ್ಧ ಬಳಸಿದುದು ಈ ಪ್ರಕರಣದ ವೈಚಿತ್ರ್ಯವಾಗಿದೆ.

ಇನ್ನು ಓಟದ ಸ್ವರೂಪ. ಬರ್ಲಿನ್ನಿನ ದಾಖಲೆಯೊಂದಿಗೆ ಗಾಳಿಯ ವೇಗ ಸೆಕೆಂಡಿಗೆ 0.9 ಮೀಟರ್ ಎಂಬುದೂ, ಬಂದೂಕಿನ ಸದ್ದಿಗೆ ಓಟಗಾರ ಸ್ಪಂದಿಸಲು ತೆಗೆದುಕೊಂಡ 0.146 ಸೆಕೆಂಡೂ ದಾಖಲಾಗಿವೆ. ಬೆನ್ನ ಹಿಂದಿನ ಗಾಳಿ ಸೆಕೆಂಡಿಗೆ 2 ಮೀಟರನ್ನು ಮೀರಿದರೆ ದಾಖಲೆ ಮಾನ್ಯವಾಗುವುದಿಲ್ಲ. ಗಾಳಿಯ ನೂಕನ್ನೇ ಲೆಕ್ಕಕ್ಕೆ ಹಿಡಿಯುವ ವ್ಯವಸ್ಥೆಯೊಂದರಲ್ಲಿ ಎರಡು ಕೋಣಗಳ ಸೆಳೆತವನ್ನು ಲೆಕ್ಕದಿಂದ ಹೊರಗಿಡಲು ಸಾಧ್ಯವಿಲ್ಲ. ಇದಕ್ಕೆ ಪ್ರತಿಯಾಗಿ, ಮೊಣಕಾಲ ಸುತ್ತ ಕೆಸರುನೀರು ಎರಚುವ ಕರೆಯಲ್ಲಿ, ಕೋಣಗಳ ವೇಗಕ್ಕೆ ಹೆಜ್ಜೆ ಹೊಂದಿಸಿ, ಬೀಳದೆ ಓಡುವ ಕೌಶಲವನ್ನು ಬರ್ಲಿನ್ನಿನ ಕಾಲಮಾಪಕ ಅಳೆಯಲಾರದು. ಎರಡೂ ಓಟಗಳೇ, ಆದರೆ ಅಳೆಯುವ ವಸ್ತು ಬೇರೆ.

ಗೆಲುವು ಯಾರದು

ಕಂಬಳದ ಫಲಿತಾಂಶವನ್ನು ಪ್ರಕಟಿಸುವ ಸಾಂಪ್ರದಾಯಿಕ ಕ್ರಮವು ಈ ಸಂದರ್ಭದಲ್ಲಿ ವಿಶೇಷವಾಗಿ ಗಮನಾರ್ಹ. ಮೊದಲು ಕೋಣಗಳ ಯಜಮಾನರ ಮನೆತನದ ಹೆಸರು, ಒಂದೇ ಮನೆತನದಿಂದ ಹಲವು ಜೊತೆಗಳು ಬಂದಿದ್ದರೆ ‘ಎ’, ‘ಬಿ’ ಎಂಬ ಗುರುತು, ಅನಂತರ ಓಡಿಸಿದವರ ಹೆಸರು. ಓಡಿಸಿದವರು ಎಂಬ ಪದದಲ್ಲಿಯೇ ಕಂಬಳದ ಗೆಲುವಿನ ತಾತ್ವಿಕತೆ ಅಡಗಿದೆ. ಓಡಿದ್ದು ಕೋಣ, ಓಡಿಸಿದ್ದು ಮನುಷ್ಯ, ಸಾಕಿ ತಂದದ್ದು ಮನೆತನ. ಈ ಮೂವರೂ ಕೂಡಿ ಗೆಲ್ಲುತ್ತಾರೆ. ಆತಕೂರಿನ ಕಲ್ಲಿನ ಮೇಲೆ ಮಣಲೇರ, ಬೂತುಗ ಮತ್ತು ಕಾಳಿ ಮೂವರಿಗೂ ಸ್ಥಾನ ದೊರೆತದ್ದನ್ನು ಇಲ್ಲಿ ನೆನೆಯಬಹುದು. 2020ರ ಸುದ್ದಿಯಲ್ಲಿ ಬಹುಮಟ್ಟಿಗೆ ಉಳಿದದ್ದು ಓಟಗಾರನೊಬ್ಬನೇ. ಕೋಣಗಳು ಹಿನ್ನೆಲೆಯ ಚಿತ್ರವಾದವು. ಒಂಟಿ ಮನುಷ್ಯನ ದಾಖಲೆಗೆ ಹೋಲಿಸಬೇಕಾದರೆ ಹೀಗೆ ಒಂಟಿಯಾಗಿಸುವುದು ಅನಿವಾರ್ಯವಾಗಿತ್ತು. ಆದರೆ ಹಾಗೆ ಮಾಡಿದೊಡನೆ ಅದು ಕಂಬಳದ ಗೆಲುವಾಗಿ ಉಳಿಯಲಿಲ್ಲ.

ಇದರ ಭಾರ ಬಿದ್ದದ್ದು ಕಟ್ಟಡ ಕೆಲಸ ಮಾಡಿ ಬದುಕುತ್ತಿದ್ದ ಯುವಕನ ಮೇಲೆ. ಅಂದಿನ ಕೇಂದ್ರ ಕ್ರೀಡಾ ಸಚಿವ ಕಿರಣ್ ರಿಜಿಜು ಅವರು ಭಾರತೀಯ ಕ್ರೀಡಾ ಪ್ರಾಧಿಕಾರದ ತರಬೇತುದಾರರಿಂದ ಪರೀಕ್ಷೆ ನಡೆಸುವುದಾಗಿ ಪ್ರಕಟಿಸಿದರು. ಅದಕ್ಕೆ ಆರು ತಿಂಗಳ ಹಿಂದೆ, 2019ರ ಆಗಸ್ಟಿನಲ್ಲಿ, ಬರಿಗಾಲಲ್ಲಿ 100 ಮೀಟರನ್ನು 11 ಸೆಕೆಂಡಿನಲ್ಲಿ ಓಡಿದನೆಂದು ಪ್ರಚಾರ ಪಡೆದ ಮಧ್ಯಪ್ರದೇಶದ ಯುವಕನೊಬ್ಬನನ್ನು ಭೋಪಾಲದಲ್ಲಿ ಇದೇ ರೀತಿ ಪರೀಕ್ಷೆಗೆ ಕರೆದಾಗ ಆತ ಕೊನೆಯವನಾಗಿ ಬಂದಿದ್ದ. ಶ್ರೀನಿವಾಸ ಗೌಡರು ಪರೀಕ್ಷೆಗೆ ಹೋಗಲು ಒಪ್ಪಲಿಲ್ಲ. ಬೋಲ್ಟ್ ವಿಶ್ವ ಚಾಂಪಿಯನ್, ತಾನು ಕೆಸರುಗದ್ದೆಯಲ್ಲಿ ಓಡುವವನು. ಕಂಬಳದಲ್ಲಿ ಹಿಮ್ಮಡಿಯ ಬಲ ಬೇಕು, ಟ್ರ್ಯಾಕಿನಲ್ಲಿ ಕಾಲ್ಬೆರಳುಗಳ ಬಲ ಬೇಕು ಎಂಬ ಅರ್ಥದ ಮಾತುಗಳನ್ನು ಅವರು ಪತ್ರಕರ್ತರ ಮುಂದೆ ಆಡಿದರು. ತಜ್ಞರೂ ಸಚಿವರೂ ಗೊಂದಲಕ್ಕೊಳಗಾದ ವಿಷಯದಲ್ಲಿ ಅತ್ಯಂತ ಖಚಿತವಾದ ವಿವೇಚನೆ ಬಂದದ್ದು ಓಟಗಾರನಿಂದ ಎಂಬುದು ಉಲ್ಲೇಖನೀಯ. ಅವರ ನಿರಾಕರಣೆಯನ್ನು ಅಂಜಿಕೆಯೆಂದು ಅರ್ಥೈಸುವುದು ಸರಿಯಲ್ಲ. ಪರಿಶೀಲಿಸಬೇಕಾದುದು ಐಕಳದ ಅಳತೆಯನ್ನು. ಅದಕ್ಕೆ ಬೆಂಗಳೂರಿನ ಟ್ರ್ಯಾಕು ಉತ್ತರ ಹೇಳಲಾರದು. ಅದೇ ಫೆಬ್ರವರಿಯಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರು ಗೌಡರನ್ನು ಸನ್ಮಾನಿಸಿ 3 ಲಕ್ಷ ರೂಪಾಯಿ ನೀಡಿದರು.

ಅಂಕಿಯ ಓಟ ಅಲ್ಲಿಗೆ ನಿಲ್ಲಲಿಲ್ಲ. 2021ರಲ್ಲಿ 8.78 ಎಂಬ ಅಂಕಿ ಸುದ್ದಿಯಾಯಿತು. 2022ರಲ್ಲಿ ಕಂಬಳ ವಲಯದೊಳಗಿನಿಂದಲೇ ದಾಖಲೆಗಳ ಸತ್ಯಾಸತ್ಯತೆಯ ಬಗ್ಗೆ ಪ್ರಶ್ನೆ ಎದ್ದು ವಿಷಯ ಪೊಲೀಸ್ ಠಾಣೆಯನ್ನೂ ತಲುಪಿತು. ಯಾರ ಮಾತು ಸರಿ ಎಂಬುದಕ್ಕಿಂತ, ಗದ್ದೆಯ ಬದುವಿನಲ್ಲಿ ಬಗೆಹರಿಯಬೇಕಾದ ಪ್ರಶ್ನೆ ಠಾಣೆಗೆ ಹೋದದ್ದೇಕೆ ಎಂಬುದು ಇಲ್ಲಿ ವಿಚಾರಾರ್ಹ. ಒದ್ದೆ ನಿಶಾನೆಯ ಬಗ್ಗೆ ಯಾರೂ ದೂರು ಕೊಡುವುದಿಲ್ಲ, ಎಲ್ಲರೂ ನೋಡಿರುತ್ತಾರೆ. ಸೆಕೆಂಡಿನ ನೂರನೆಯ ಭಾಗವನ್ನು ಯಾರೂ ನೋಡಿರುವುದಿಲ್ಲ. ಯಂತ್ರವನ್ನೂ ಅದನ್ನು ಬರೆದಿಟ್ಟವರನ್ನೂ ನಂಬಬೇಕಾಗುತ್ತದೆ. ಆ ನಂಬಿಕೆಗೆ ತಕ್ಕ ಬರಹದ ವ್ಯವಸ್ಥೆ ಅಂಕಿಯಷ್ಟೇ ವೇಗವಾಗಿ ಬೆಳೆಯಲಿಲ್ಲ.

ಈ ಘಟನೆಗಳು ನಡೆದ ಕಾಲವನ್ನೂ ಮರೆಯುವಂತಿಲ್ಲ. 2014ರ ಮೇ 7ರ ಸರ್ವೋಚ್ಚ ನ್ಯಾಯಾಲಯದ ತೀರ್ಪಿನ ಬಳಿಕ ಕಂಬಳದ ಅಸ್ತಿತ್ವವೇ ಸಂಶಯಕ್ಕೊಳಗಾಗಿತ್ತು. ರಾಜ್ಯವು ತಿದ್ದುಪಡಿ ಕಾಯಿದೆಯನ್ನು ತಂದಿತಾದರೂ ಅದರ ಸಿಂಧುತ್ವವನ್ನು ಸಂವಿಧಾನ ಪೀಠವು ಎತ್ತಿಹಿಡಿದದ್ದು 2023ರ ಮೇ 18ರಂದು. ಹೀಗೆ 2020ರಲ್ಲಿ ಕಂಬಳವು ತನ್ನ ಪರವಾಗಿ ಜಗತ್ತಿಗೆ ಏನನ್ನಾದರೂ ಹೇಳಬೇಕಾದ ಸ್ಥಿತಿಯಲ್ಲಿತ್ತು. ಬೋಲ್ಟನ ಹೋಲಿಕೆ ಆ ಅಗತ್ಯವನ್ನು ಒಂದೇ ವಾಕ್ಯದಲ್ಲಿ ಪೂರೈಸಿತು. ಆದರೆ ಸಂಶಯಕ್ಕೊಳಗಾದ ಪರಂಪರೆಗೆ ದೃಢವಾದ ಚಿಕ್ಕ ಸತ್ಯವು ನೀಡುವ ಆಸರೆಯನ್ನು ಅಲುಗಾಡುವ ದೊಡ್ಡ ಹೇಳಿಕೆ ನೀಡಲಾರದು.

ಉಪಸಂಹಾರ

ಜನಪದರಿಗೆ ಉತ್ಪ್ರೇಕ್ಷೆ ಹೊಸದಲ್ಲ. ಲಾವಣಿಯಲ್ಲಿ ವೀರನು ಏಳಾಳೆತ್ತರ ಹಾರುತ್ತಾನೆ. ಕೇಳುಗರು ಅದನ್ನು ಹೊಗಳಿಕೆಯಾಗಿಯೇ ಸ್ವೀಕರಿಸುತ್ತಾರೆ, ಅಳೆಯಲು ಹೋಗುವುದಿಲ್ಲ. ಅದೇ ಹೊಗಳಿಕೆ ದಶಾಂಶದ ಅಂಕಿಯಾಗಿ ಬಂದಾಗ ಮಾತ್ರ ಅದು ಅಳತೆಗೆ ಒಳಪಡಬೇಕಾದ ಹೇಳಿಕೆಯಾಗುತ್ತದೆ. ಐಕಳದ ಪ್ರಕರಣದಲ್ಲಿ ನಡೆದ ಗೊಂದಲಕ್ಕೆ ಮೂಲಕಾರಣ ಈ ರೂಪಾಂತರವೇ ಎನ್ನಬಹುದು.

ಆದ್ದರಿಂದ ಕಂಬಳವೂ ಸೇರಿದಂತೆ ಎಲ್ಲ ಜನಪದ ಸ್ಪರ್ಧೆಗಳ ಸಮಿತಿಗಳು ಪ್ರತಿ ಫಲಿತಾಂಶದೊಂದಿಗೆ ದಿನಾಂಕ, ಕರೆಯ ಅಳೆದ ಉದ್ದ, ವಿಭಾಗ, ಕೋಣಗಳ ಹಾಗೂ ಯಜಮಾನರ ಹೆಸರು, ಓಡಿಸಿದವರ ಹೆಸರು, ಕಾಲ ಎಣಿಕೆ ಆರಂಭಗೊಂಡ ಮತ್ತು ಮುಗಿದ ರೀತಿ, ಬಳಸಿದ ಉಪಕರಣ, ತೀರ್ಪುಗಾರರ ಸಹಿ ಇವಿಷ್ಟನ್ನು ಬರೆದಿಡುವುದು ಅವಶ್ಯ. ಕರೆಯ ಉದ್ದ ಊರಿನಿಂದ ಊರಿಗೆ ಬೇರೆಯಾಗುವುದರಿಂದ ದಾಖಲೆಯನ್ನು ಆಯಾ ಕರೆಗೆ ಸೀಮಿತಗೊಳಿಸಿ ಹೇಳುವುದು ಸೂಕ್ತ. ಐಕಳದ ಕರೆಯಲ್ಲಿ 142.50 ಮೀಟರಿಗೆ 13.62 ಸೆಕೆಂಡ್ ಎಂಬುದು ತನ್ನಷ್ಟಕ್ಕೆ ಪೂರ್ಣವಾದ, ಮುಂದಿನ ವರ್ಷದ ಓಟಗಾರನು ಅದೇ ಕರೆಯಲ್ಲಿ ಎದುರಿಸಬಹುದಾದ ಹೇಳಿಕೆ. ಅದಕ್ಕೆ ಬೋಲ್ಟನ ಆಸರೆ ಬೇಕಿಲ್ಲ. ಹತ್ತನೆಯ ಶತಮಾನದ ಆತಕೂರಿನವರು ಒಂದು ನಾಯಿಯ ಹೋರಾಟಕ್ಕೆ ಒದಗಿಸಿದಷ್ಟು ವಿವರವನ್ನು ಇಂದಿನ ಕೋಣಗಳ ಓಟಕ್ಕೂ ಒದಗಿಸಿದಲ್ಲಿ, ಮುಂದಿನವರು ಅದನ್ನು ಸಂಶಯವಿಲ್ಲದೆ ಓದಿಕೊಳ್ಳಬಲ್ಲರು.